ಗೇಜಿನ ಮೇಲಿನ ಕೆಂಪು ಗೆರೆ

ಮಗಳೇ,

ಉಳಿದದ್ದನ್ನು ಓದದೆ ಮಡಿಸಿಟ್ಟರೂ ಸರಿ, ಈ ನಾಲ್ಕು ಸಾಲು ಓದು. ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಿನ್ನ ಟೂಲ್ ಬಾಕ್ಸ್ ಕೊಳ್ಳುವವರು ಮನೆಗೆ ಬರುತ್ತಾರೆ. ಅವರು ಬರುವ ಮೊದಲು ಅಮ್ಮನಿಗೆ ಫೋನ್ ಮಾಡಿ, ಕೊಡಬೇಕೋ ಬೇಡವೋ ಎಂಬುದನ್ನು ಇನ್ನೊಂದು ಸಲ ಹೇಳು. ಕೊಡು ಎಂದರೆ ನಾನೇ ಅದನ್ನು ಹೊತ್ತು ಅವರ ಗಾಡಿಗೆ ಇಡುತ್ತೇನೆ, ಎದುರು ಮಾತಾಡುವುದಿಲ್ಲ. ಆದರೆ ನೀನು ಆ ನಿರ್ಧಾರ ಮಾಡಿದಾಗ ನಿನ್ನ ಮುಂದಿದ್ದ ಅಂಕಿ ತಪ್ಪಾಗಿತ್ತು. ಆ ಅಂಕಿಯನ್ನು ಕೊಟ್ಟವನು ನಾನು.

ಇವತ್ತು ಬುಧವಾರ. ಶುಕ್ರವಾರ ಮಧ್ಯಾಹ್ನದೊಳಗೆ ತಲುಪುತ್ತದೆ ಎಂದು ಅಂಚೆ ಕಚೇರಿಯವರು ಹೇಳಿದ್ದಾರೆ. ನಾನು ಪ್ರಯೋಗಾಲಯದಲ್ಲಿ, ಒತ್ತಡ ಅಳೆಯುವ ಗೇಜುಗಳನ್ನು ಪರೀಕ್ಷಿಸುವ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಎದುರಿನ ಬೆಂಚಿನ ಮೇಲೆ ಯಾವುದೋ ಬಾಯ್ಲರಿನ ಗೇಜು ಇದೆ. ಹೊರಗಿನ ಬಿಸಿಲಿನಿಂದ ಬಂದದ್ದು, ಈ ಕೋಣೆಯ ತಂಪಿಗೆ ಹೊಂದಿಕೊಳ್ಳುವ ತನಕ ಅದರ ಮುಳ್ಳು ಏನು ಹೇಳಿದರೂ ಬರೆದುಕೊಳ್ಳುವ ಹಾಗಿಲ್ಲ. ನಾಲ್ಕು ಗಂಟೆ ಕಾಯಬೇಕು. ಅಷ್ಟು ಹೊತ್ತು ನನಗೂ ಸಾಕು.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀಯ. ಈ ಐದು ತಿಂಗಳಲ್ಲಿ ನಾಲ್ಕು ಸಲ ಅದಕ್ಕೆಂದೇ ಫೋನ್ ಮಾಡಿದೆ. ನಾಲ್ಕು ಸಲವೂ ಚಿಕ್ಕಮ್ಮನ ಮನೆಯಲ್ಲಿ ನಲ್ಲಿಯಲ್ಲಿ ನೀರು ಸರಿಯಾಗಿ ಬರುತ್ತದೆಯೇ ಎಂದು ಕೇಳಿ ಇಟ್ಟೆ. ನಾಲ್ಕನೆಯ ಸಲ ನೀನು, “ಬರತ್ತೆ ಅಪ್ಪ, ಹೋದ ಸಲ ಕೇಳಿದಾಗ್ಲೂ ಬರ್ತಿತ್ತು” ಎಂದೆ. ನಿನ್ನ ದನಿಯಲ್ಲಿ ನಗು ಇತ್ತು. ಅದನ್ನು ಕೆಡಿಸಲು ಮನಸ್ಸಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನೆಪ. ನನಗೆ ಭಯವಾಗಿತ್ತು.

ನಿನ್ನೆ ಸಂಜೆ ನಿನ್ನ ಮೇಸ್ತ್ರಿ ಮನೆಗೆ ಬಂದಿದ್ದರು. ಗ್ಯಾರೇಜಿನ ಬಟ್ಟೆಯಲ್ಲೇ ಬಂದಿದ್ದರಿಂದ ಸೋಫಾದ ಮೇಲೆ ಕೂರಲು ಒಪ್ಪದೆ ಅಡುಗೆಮನೆಯ ಸ್ಟೂಲ್ ಎಳೆದುಕೊಂಡು ಕೂತರು. ಟೂಲ್ ಬಾಕ್ಸ್ ಕೊಳ್ಳುವವರನ್ನು ಹುಡುಕಿಕೊಡಲು ನೀನೇ ಅವರಿಗೆ ಹೇಳಿದ್ದೆಯಂತೆ. ಹುಡುಕಿದ್ದಾರೆ. ಶನಿವಾರದ ಸಮಯ ಹೇಳಿದರು. ಆಮೇಲೆ ಎದ್ದು ಹೋಗಬೇಕಾದವರು ಹೋಗಲಿಲ್ಲ. ಲೋಟವನ್ನು ಎರಡೂ ಕೈಯಲ್ಲಿ ತಿರುಗಿಸುತ್ತಾ ಕೂತು, “ಸಾರ್, ಅರ್ಧ ಸುತ್ತು ಸ್ಕ್ರೂಗೆ ಪಿಸ್ಟನ್ ತೂತಾಗಲ್ಲ. ಅವಳು ಬರೆದಿಟ್ಟಿರೋದು ಅರ್ಧ ಸುತ್ತು. ಅವಳು ಸುಳ್ಳು ಬರೆಯೋಳಲ್ಲ. ಐದು ತಿಂಗಳಿಂದ ಇದೊಂದೇ ನನಗೆ ಬಗೆಹರಿದಿಲ್ಲ” ಎಂದರು. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದರೋ, ನನಗೆ ಹಾಗನ್ನಿಸಿತೋ ಗೊತ್ತಿಲ್ಲ. ನಾನು ಇನ್ನೊಂದು ಲೋಟ ಟೀ ಬೇಕೇ ಎಂದು ಕೇಳಿದೆ. ಬೇಡ ಎಂದರು. ಬಾಗಿಲ ಹತ್ತಿರ ನಿಂತು, ನಿನ್ನ ಬೆಂಚನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ, ಸೋಮವಾರ ನೀನು ಚಿಕ್ಕಮ್ಮನ ಊರಿನ ಆ ಫೋನ್ ಎತ್ತುವ ಕೆಲಸಕ್ಕೆ ಸೇರಿದ ಮೇಲೆ ಕೊಡಲೇಬೇಕಾಗುತ್ತದೆ ಎಂದು ಹೇಳಿ ಹೋದರು.

ಅವರಿಗೆ ಬಗೆಹರಿಯದ್ದು ನನಗೆ ಗೊತ್ತು. ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದನ್ನೂ ಹೇಳುತ್ತೇನೆ, ಯಾಕೆಂದರೆ ನಿನಗೆ ಗೊತ್ತಿರುವುದರ ನಡುವೆಯೇ ಗೊತ್ತಿಲ್ಲದ್ದು ಸೇರಿಕೊಂಡಿದೆ.

ಕಾರನ್ನು ನೋಡಲು ಹೋದ ದಿನ ನೆನಪಿದೆಯೇ? ಬೇಕರಿಯ ಹಿಂದಿನ ಶೆಡ್ಡು, ಬಾಗಿಲು ತೆಗೆದರೆ ಹಿಟ್ಟಿನ ವಾಸನೆ ಮತ್ತು ಪೆಟ್ರೋಲಿನ ವಾಸನೆ ಒಟ್ಟಿಗೆ. ಬೂದು ಬಣ್ಣದ ಹಳೆಯ ಸೆಡಾನ್. ಹೊರಗಿನಿಂದ ನೋಡಿದರೆ ಯಾವುದೋ ಶಾಲೆಯ ಮುಖ್ಯೋಪಾಧ್ಯಾಯರದ್ದು ಎನ್ನಬೇಕು. ನೀನು ಅದರ ಕೆಳಗೆ ತೂರಿಕೊಂಡೆ, ನಿನ್ನ ಶೂ ಮಾತ್ರ ಹೊರಗೆ ಕಾಣುತ್ತಿತ್ತು. ಒಳಗಿನಿಂದಲೇ ನನಗೆ ಪಾಠ ಹೇಳುತ್ತಿದ್ದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ, ಟರ್ಬೊ ಬದಲಾಗಿದೆ, ಹೊಗೆ ಹೋಗುವ ಪೈಪ್ ಯಾರೋ ಕೈಯಲ್ಲಿ ಮಾಡಿದ್ದು, ಬೆಸುಗೆ ಚೆನ್ನಾಗಿದೆ. ಬೇಕರಿಯವರು ನನ್ನ ಪಕ್ಕ ನಿಂತು, ಇದಕ್ಕೆ ನಮ್ಮನೇಲಿ ‘ಅಳಿಯ’ ಅಂತ ಹೆಸರು, ಯಾಕಂದ್ರೆ ತಿನ್ನೋದು ಜಾಸ್ತಿ, ಮನೆಗೆಲಸಕ್ಕೆ ಬರಲ್ಲ ಎಂದರು. ಬೆನ್ನುನೋವಿನಿಂದ ಓಡಿಸಲಾಗದೆ ಮಾರುತ್ತಿದ್ದರು. ಹೆಸರು ನಮ್ಮ ಮನೆಗೂ ಬಂತು. ಮೊದಲ ದಿನ ಅಮ್ಮ ಬಾಗಿಲಲ್ಲಿ ನಿಂತು ನೋಡಿ, “ಮಗಳ ಮದುವೆಗೆ ಮುಂಚೆನೇ ಅಳಿಯ ಬಂದ” ಎಂದದ್ದಕ್ಕೆ ನೀನು ಒಂದು ವಾರ ನಕ್ಕೆ.

ಆ ದಿನವೇ ಬೇಕರಿಯವರು ಗೇಜನ್ನು ತೋರಿಸಿದರು. ಸ್ಟಿಯರಿಂಗಿನ ಎಡಕ್ಕೆ, ಗಡಿಯಾರದಷ್ಟು ದೊಡ್ಡದು. ಟರ್ಬೊ ಎಂಜಿನ್ನಿಗೆ ಎಷ್ಟು ಗಾಳಿಯನ್ನು ಒತ್ತಿ ತುಂಬುತ್ತಿದೆ ಎಂದು ಹೇಳುವುದು ಅದರ ಕೆಲಸ. ಗಾಜಿನ ಮೇಲೆ 1.2 ಬಾರ್ ಒತ್ತಡದ ಅಂಕಿ ಇರುವ ಕಡೆ ಹೆಂಡತಿಯ ನೇಲ್ ಪಾಲಿಶ್‌ನಿಂದ ಒಂದು ಕೆಂಪು ಗೆರೆ ಎಳೆದಿದ್ದರು. “ನೋಡಮ್ಮ, ಮುಳ್ಳು ಈ ಗೆರೆ ಮುಟ್ಟಬಹುದು, ದಾಟಬಾರದು. ಎಂಟು ವರ್ಷ ನಾನು ದಾಟಿಲ್ಲ, ಎಂಜಿನ್ ಒಂದು ದಿನ ಕೆಮ್ಮಿಲ್ಲ.” ನೀನು ಲ್ಯಾಪ್‌ಟಾಪ್ ಜೋಡಿಸಿ ನೋಡಿದೆ. ಕಾರಿನ ಸ್ವಂತ ಸೆನ್ಸರ್ 1.0 ಎಂದಿತು. ಅದಕ್ಕೆ 1.0ರ ಆಚೆ ಕಣ್ಣು ಕಾಣುವುದಿಲ್ಲ, ಹಳೆಯದು, ಅಷ್ಟಕ್ಕೇ ಮಾಡಿದ್ದು, ಆದ್ದರಿಂದ ಗೇಜನ್ನೇ ನಂಬಬೇಕು ಎಂದು ನನಗೆ ವಿವರಿಸಿದೆ. ಸರಿಯಾದ ತರ್ಕ. ಯಾರಾದರೂ ಹಾಗೇ ಯೋಚಿಸುತ್ತಿದ್ದರು.

ಗೇಜು ಸರಿಯಿದೆ ಎಂದು ನಿಮಗೆ ಹೇಗೆ ಗೊತ್ತು ಎಂದು ನಾನು ಬೇಕರಿಯವರನ್ನು ಕೇಳಿದೆ. ನನ್ನ ಕಸುಬು ಗೊತ್ತಲ್ಲ, ಕೇಳದೆ ಇರಲಾಗಲಿಲ್ಲ. ಅವರು ನಕ್ಕರು. “ನನ್ನ ಓವನ್ನಿನ ಗೇಜು ಇಪ್ಪತ್ತು ಡಿಗ್ರಿ ಸುಳ್ಳು ಹೇಳತ್ತೆ ಸಾರ್. ಆದ್ರೆ ದಿನಾ ಅದೇ ಇಪ್ಪತ್ತು. ಹಾಗಾಗಿ ಬ್ರೆಡ್ ಸುಡಲ್ಲ.” ಆ ಮಾತು ನನಗೆ ತಮಾಷೆಯಾಗಿ ಕಾಣಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ನೀನು ಗೇರ್ ಹಾಕುವ ಸುಖದ ಬಗ್ಗೆ ಮಾತಾಡುತ್ತಿದ್ದರೆ, ನಾನು ಇಪ್ಪತ್ತು ಡಿಗ್ರಿ ತಪ್ಪು ಗೊತ್ತಿದ್ದೂ ಸುಮ್ಮನಿರುವ ಮನುಷ್ಯನ ಬಗ್ಗೆ ಯೋಚಿಸುತ್ತಿದ್ದೆ.

ನಂತರದ ತಿಂಗಳುಗಳು ನನ್ನ ಜೀವನದ ಒಳ್ಳೆಯ ದಿನಗಳು. ಇದನ್ನು ಯಾವತ್ತೂ ಹೇಳಿರಲಿಲ್ಲ. ಗ್ಯಾರೇಜಿನಲ್ಲಿ ಇಡೀ ದಿನ ಬೇರೆಯವರ ಕಾರು ಮಾಡಿ ಬಂದು, ಮನೆಯ ಶೆಡ್ಡಿನಲ್ಲಿ ನೀನು ಮತ್ತೆ ಕೆಲಸಕ್ಕೆ ಕೂರುತ್ತಿದ್ದೆ. ಮೊದಲು ಕ್ಲಚ್. ಅದಾದ ಮೇಲೆ ಹಿಂದಿನ ಚಕ್ರಗಳ ತೋಳುಗಳು. ನಾನು ಸ್ಪ್ಯಾನರ್ ಕೊಡುವವನು. ಒಂದು ದಿನ ನೀನು ಊಟಕ್ಕೆ ಹೋದಾಗ ನಾಲ್ಕು ಬೋಲ್ಟು ಸಡಿಲವಾಗಿರುವುದನ್ನು ಕಂಡು, ನನಗೆ ತಡೆಯಲಾಗದೆ, ಅಳತೆಗೆ ಸರಿಯಾಗಿ ಬಿಗಿದೆ. ಚಕ್ರದ ಕೋನ ಹೊಂದಿಸಲೆಂದು ನೀನು ಬೇಕೆಂದೇ ಸಡಿಲ ಬಿಟ್ಟಿದ್ದೆಯಂತೆ. ಒಂದು ದಿನದ ಕೆಲಸ ಹಾಳಾಯಿತು. ನೀನು ಕೂಗಾಡಲಿಲ್ಲ. ಪೇಂಟ್ ಮಾಡುವಾಗ ಅಂಟಿಸುವ ಟೇಪಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಅಪ್ಪ ಮುಟ್ಟಬಾರದು’ ಎಂದು ಬರೆದು ಬಾನೆಟ್ಟಿಗೆ ಅಂಟಿಸಿದೆ. ನೀನೇ ನನಗಿಟ್ಟ ಅಡ್ಡಹೆಸರಿನಿಂದ ಕರೆದು ಹೇಳಿದೆ, “ತಿಳೀತಾ ಮಿಲಿಮೀಟರ್? ನನ್ನನ್ನ ಕೇಳದೆ ಏನೂ ಮುಟ್ಟಬೇಡ. ಸರಿ ಮಾಡೋಕೂ ಮುಟ್ಟಬೇಡ.” ನಾನು ಒಪ್ಪಿದೆ. ಅಮ್ಮ ಆ ಟೇಪನ್ನು ನೋಡಿ, ಇಂಥದ್ದೊಂದು ನನ್ನ ಅಡುಗೆಮನೆಗೂ ಬೇಕಿತ್ತು ಎಂದಳು.

ಆಮೇಲೆ ಟೈರು ಬಂತು. ನಾಲ್ಕೂ ಚಕ್ರ ಓಡುವ ಕಾರಿನಲ್ಲಿ ನಾಲ್ಕು ಟೈರಿನ ಸುತ್ತಳತೆಯೂ ಒಂದೇ ಇರಬೇಕು, ಇಲ್ಲದಿದ್ದರೆ ನಡುವಿನ ಗೇರುಗಳು ಒಂದನ್ನೊಂದು ತಿನ್ನುತ್ತವೆ ಎಂದು ನೀನು ಹೇಳಿದಾಗ ನನ್ನ ಕಿವಿ ನೆಟ್ಟಗಾಯಿತು. ಅಳೆಯಲು ನೀನೇ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದೆ. ಉಕ್ಕಿನ ಟೇಪ್ ಹಿಡಿದು ನಾನು ಹನ್ನೆರಡು ಟೈರು ಅಳೆದೆ. ಒಂದರಲ್ಲಿ ಒಂಬತ್ತು ಮಿಲಿಮೀಟರ್ ವ್ಯತ್ಯಾಸ ಸಿಕ್ಕಿತು. ಒಂದೇ ಮಾದರಿ, ಒಂದೇ ಅಂಗಡಿ, ಆದರೂ ಒಂಬತ್ತು. ಅಂಗಡಿಯವರು ನನ್ನನ್ನು ಹುಚ್ಚನೆಂದುಕೊಂಡರು. ನೀನು ನಿನ್ನ ಮೇಸ್ತ್ರಿಗೆ ಅಲ್ಲಿಂದಲೇ ಫೋನ್ ಮಾಡಿ, “ನಮ್ಮಪ್ಪ ಕಂಡುಹಿಡಿದ್ರು” ಎಂದೆ.

ಆ ಹೊಗಳಿಕೆ ನನ್ನ ತಲೆಗೇರಿತು. ಇಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲದ್ದು.

ನೀನು ಹೊಸ ಇಂಟರ್‌ಕೂಲರ್ ಹಾಕುತ್ತಿದ್ದ ವಾರ ಅದು. ಟರ್ಬೊದಿಂದ ಬರುವ ಬಿಸಿಗಾಳಿಯನ್ನು ತಣ್ಣಗೆ ಮಾಡುವ ಆ ದೊಡ್ಡ ಪೆಟ್ಟಿಗೆ, ಅದಕ್ಕೆ ಹೊಸ ಪೈಪುಗಳು. ಕಾರು ಜಾಕಿನ ಮೇಲಿತ್ತು. ಶನಿವಾರ ನೀನು ಗ್ಯಾರೇಜಿಗೆ ಹೋಗಿದ್ದೆ. ನನಗೆ ಅರ್ಧ ದಿನದ ಕೆಲಸ. ಬೆಳಿಗ್ಗೆ ಹೊರಡುವ ಮುಂಚೆ ಗೇಜನ್ನು ಬಿಚ್ಚಿ ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡೆ. ಇದೇ ಬೆಂಚಿನ ಮೇಲೆ, ಪ್ರಯೋಗಾಲಯದ ಮೂಲ ಗೇಜಿಗೆ ಜೋಡಿಸಿ ಗಾಳಿ ತುಂಬಿದೆ. ಸೊನ್ನೆಯಲ್ಲಿ ಸರಿಯಾಗಿತ್ತು. ಮೇಲೆ ಹೋದಂತೆ ತಪ್ಪುತ್ತಿತ್ತು. ನಿಜವಾದ ಒತ್ತಡ 1.0 ಇದ್ದಾಗ ಬೇಕರಿಯವರ ಮುಳ್ಳು ಸರಿಯಾಗಿ ಕೆಂಪು ಗೆರೆಯ ಮೇಲೆ, 1.2ರಲ್ಲಿ ನಿಂತಿತ್ತು.

ಎಂಟು ವರ್ಷ ಆ ಮನುಷ್ಯ 1.0ರಲ್ಲಿ ಓಡಿಸಿ 1.2 ಎಂದುಕೊಂಡಿದ್ದರು. ಕಾರಿನ ಸೆನ್ಸರ್ ಅವತ್ತು 1.0 ಎಂದದ್ದು ಕಣ್ಣು ಕಾಣದೆ ಅಲ್ಲ. ಅದು ನಿಜ ಹೇಳುತ್ತಿತ್ತು.

ನಮ್ಮ ಕೆಲಸದ ಮೊದಲ ನಿಯಮವನ್ನು ನೀನು ಚಿಕ್ಕವಳಿದ್ದಾಗಲೇ ಹೇಳಿದ್ದೆ. ಪ್ರತಿ ಗೇಜಿಗೂ ಒಂದು ಕಾರ್ಡು. ಕಾರ್ಡಿನಲ್ಲಿ ಎರಡು ಸಾಲು. ಒಂದು, ಬಂದಾಗ ಎಷ್ಟು ತೋರಿಸುತ್ತಿತ್ತು. ಇನ್ನೊಂದು, ಸರಿಪಡಿಸಿದ ಮೇಲೆ ಎಷ್ಟು ತೋರಿಸುತ್ತಿದೆ. ಹೊಸದಾಗಿ ಸೇರಿದವರು ಎರಡನೆಯದೇ ಮುಖ್ಯ ಎಂದುಕೊಳ್ಳುತ್ತಾರೆ. ಅಲ್ಲ. ಮೊದಲ ಸಾಲನ್ನು ಗೇಜಿನ ಒಡೆಯನಿಗೆ ಹೇಳದೆ ಗೇಜನ್ನು ವಾಪಸು ಕೊಡುವ ಹಾಗಿಲ್ಲ. ಯಾಕೆಂದರೆ ಅವನು ಇಷ್ಟು ದಿನ ಆ ತಪ್ಪಿನ ಮೇಲೆಯೇ ತನ್ನ ಎಲ್ಲ ಮಿತಿಗಳನ್ನು ಕಟ್ಟಿಕೊಂಡಿರುತ್ತಾನೆ. ಇಪ್ಪತ್ತಾರು ವರ್ಷದಿಂದ ನಾನು ಇದನ್ನು ಕಲಿಸುತ್ತಿದ್ದೇನೆ. ಮೊದಲ ಸಾಲು ಬರೆಯದೆ ಸ್ಕ್ರೂ ಮುಟ್ಟಿದ ಒಬ್ಬನನ್ನು ಬೇರೆ ವಿಭಾಗಕ್ಕೆ ಕಳಿಸಿದ್ದೇನೆ.

ಆ ಶನಿವಾರ ನಾನು ಮೊದಲ ಸಾಲು ಬರೆದೆ. ಒಳಗಿನ ಸಣ್ಣ ಸ್ಕ್ರೂ ತಿರುಗಿಸಿ ಮುಳ್ಳನ್ನು ಸರಿಮಾಡಿದೆ, ಎರಡನೆಯ ಸಾಲೂ ಬರೆದೆ. ಗಾಜನ್ನು ಒರೆಸಿ, ನೇಲ್ ಪಾಲಿಶ್ ಗೆರೆ ಅಳಿಸದಂತೆ ಜೋಪಾನವಾಗಿ, ಅದು 1.2ರ ಮೇಲೆಯೇ ಕೂರುವಂತೆ ಹಾಕಿದೆ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಕಾರ್ಡನ್ನು ಮಾತ್ರ ನನ್ನ ಡ್ರಾಯರಿನಲ್ಲಿಟ್ಟೆ. ನಿನಗೆ ಸಮಯ ನೋಡಿ ಹೇಳೋಣ ಎಂದುಕೊಂಡೆ. ನೀನು ಬರುವಷ್ಟರಲ್ಲಿ ಗೇಜು ತನ್ನ ಜಾಗದಲ್ಲಿತ್ತು.

ಭಾನುವಾರ ಬೆಳಿಗ್ಗೆ ನೀನೊಬ್ಬಳೇ ಒಂದು ಸುತ್ತು ಹೋಗಿ ಬಂದು, ಮುಖ ಚಿಕ್ಕದು ಮಾಡಿಕೊಂಡು ಬಾನೆಟ್ ಎತ್ತಿದೆ. ಮುಳ್ಳು 1.0 ದಾಟುತ್ತಿಲ್ಲ, ಎಲ್ಲೋ ಗಾಳಿ ಸೋರುತ್ತಿದೆ ಎಂದೆ. ನನಗೆ ಆ ಕ್ಷಣವೇ ತಿಳಿಯಿತು. ಏನೂ ಸೋರುತ್ತಿಲ್ಲ, ಎಲ್ಲವೂ ಮೊದಲಿನಂತೆಯೇ ಇದೆ, ಮುಳ್ಳು ಮಾತ್ರ ಈಗ ನಿಜ ಹೇಳುತ್ತಿದೆ. ಒಂದೇ ವಾಕ್ಯ ಹೇಳಿದ್ದರೆ ಸಾಕಿತ್ತು. ನಾನು ಹೇಳಲಿಲ್ಲ. ನೀನು ಬೇಸರದಲ್ಲಿದ್ದೆ. ಬಾನೆಟ್ಟಿನ ಮೇಲೆ ಆ ಟೇಪು ನನ್ನ ಎದುರಿಗೇ ಇತ್ತು. ಹುಡುಕಿ ಏನೂ ಸಿಗದಾಗ ಹೇಳಿದರೆ ನಗುತ್ತೀಯ ಎಂದುಕೊಂಡೆ. ಮೂರು ಗಂಟೆ ಹೊತ್ತು ನೀನು ಪ್ರತಿ ಪೈಪಿನ ಕೀಲಿಗೂ ಸೋಪಿನ ನೀರು ಬಿಟ್ಟು ಗುಳ್ಳೆ ಬರುತ್ತದೆಯೇ ಎಂದು ನೋಡಿದೆ. ಟಾರ್ಚ್ ಹಿಡಿದು ನಿಂತಿದ್ದವನು ನಾನು. ಅದು ಸೋರುತ್ತಿಲ್ಲ ಎಂದು ಗೊತ್ತಿದ್ದವನು.

ಆಗ ನೀನು ತಲೆ ಎತ್ತಿ ಕೇಳಿದೆ. “ಅಪ್ಪ, ನೀನೇನಾದ್ರೂ ಗೇಜ್ ಮುಟ್ಟಿದ್ಯಾ?”

“ಗಾಜು ಒರೆಸಿದೆ, ಅಷ್ಟೆ” ಎಂದೆ.

ಅದು ಸುಳ್ಳಲ್ಲ ಎಂದು ಎಷ್ಟೋ ದಿನ ನನಗೆ ನಾನೇ ವಾದಿಸಿಕೊಂಡೆ. ಗಾಜು ಒರೆಸಿದ್ದು ನಿಜವಲ್ಲವೇ? ನೀನು ನನ್ನನ್ನು ನಂಬಿದೆ. ಹುಟ್ಟಿದಾಗಿನಿಂದ ನಾನು ನಿನಗೆ ಒಂದು ಅಂಕಿಯನ್ನೂ ತಪ್ಪು ಹೇಳಿರಲಿಲ್ಲ, ನಂಬದೆ ಏನು ಮಾಡುತ್ತೀಯ? ಕೈ ಒರೆಸಿಕೊಳ್ಳುತ್ತಾ ನೀನು, ಹಾಗಾದರೆ ಇದು ಹೊಸ ಇಂಟರ್‌ಕೂಲರಿನ ಗುಣ, ಪೆಟ್ಟಿಗೆ ದೊಡ್ಡದು, ಸ್ವಲ್ಪ ಒತ್ತಡ ಅದರಲ್ಲೇ ಕಳೆದುಹೋಗುತ್ತದೆ ಎಂದೆ. ಇರಬಹುದು ಎಂದೆ ನಾನು. ಎಷ್ಟು ಸಲೀಸಾಗಿ ಹೇಳಿದೆ ಎಂದರೆ, ಆ ಕ್ಷಣಕ್ಕೆ ನಾನೂ ಅದನ್ನು ನಂಬಿದೆನೇನೋ. ನೀನು ಸಂಜೆ ಕೆರೆಯ ಏರಿ ರಸ್ತೆಗೆ ಹೋಗೋಣ ಎಂದೆ. ನಾನು ಶೂ ಹಾಕಿಕೊಳ್ಳಲು ಒಳಗೆ ಹೋದೆ. ನಾನು ಶೂ ಹಾಕಿಕೊಳ್ಳುವಷ್ಟರಲ್ಲಿ ನೀನು ಒತ್ತಡ ಹೊಂದಿಸುವ ಹಿತ್ತಾಳೆ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿದೆ. ಕಳೆದುಹೋದದ್ದನ್ನು ವಾಪಸು ತರುತ್ತಿದ್ದೇನೆ ಎಂದುಕೊಂಡೆ. ನಿನ್ನ ನೋಟ್‌ಬುಕ್ಕಿನಲ್ಲಿ ಸಮಯದ ಸಮೇತ ಬರೆದೆ. ನನ್ನ ಮಗಳು.

ರಸ್ತೆ ಖಾಲಿ ಇತ್ತು. ಬಲಕ್ಕೆ ಕಲ್ಲಿನ ಗೋಡೆ, ಎಡಕ್ಕೆ ಇಳಿಜಾರು, ಅಂಚಿನಲ್ಲಿ ಬಿಳಿ ಬಣ್ಣದ ಗಿಡ್ಡ ಕಂಬಗಳು. ಎರಡನೆಯ ತಿರುವಿನ ನಂತರ ಉದ್ದನೆಯ ನೇರ ರಸ್ತೆ ಬಂದಾಗ ನೀನು ಮೂರನೆಯ ಗೇರಿನಲ್ಲಿ ಕಾಲು ಒತ್ತಿದೆ. ಸೀಟು ನನ್ನ ಬೆನ್ನನ್ನು ಹಿಡಿದುಕೊಂಡಿತು. ನಾನು ರಸ್ತೆ ನೋಡುವವನಲ್ಲ, ಗೇಜು ನೋಡುವವನು. ಮುಳ್ಳು 0.8ಕ್ಕೆ ಬಂತು, 1.0ಕ್ಕೆ ಬಂತು. ಅಲ್ಲಿ ನಿಲ್ಲಬೇಕಾಗಿತ್ತು. ನಿಲ್ಲದೆ ಕೆಂಪು ಗೆರೆಗೆ ಹೋಗಿ ತಾಗಿತು.

ಲೆಕ್ಕ ಮಾಡಲು ನನಗೆ ಸಮಯ ಬೇಕಾಗಲಿಲ್ಲ. ಎಂಜಿನ್ನಿನ ಕಂಪ್ಯೂಟರಿಗೆ 1.0ರವರೆಗಿನ ಗಾಳಿ ಮಾತ್ರ ಕಾಣುತ್ತದೆ, ಅಷ್ಟಕ್ಕೇ ಪೆಟ್ರೋಲ್ ಹಾಕುತ್ತದೆ. ಈಗ ಒಳಗೆ ಹೋಗುತ್ತಿರುವುದು ನಿಜವಾದ 1.2. ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ, ಒಳಗೆ ಬೆಂಕಿ. ನೀನೇ ನನಗೆ ಕಲಿಸಿದ್ದು.

ಕಾಲು ತೆಗಿ ಎನ್ನಬೇಕಿತ್ತು. ಎರಡು ಪದ. ಆದರೆ ಯಾಕೆ ಎಂದು ನೀನು ಕೇಳುತ್ತಿದ್ದೆ, ಯಾಕೆಂದು ಹೇಳಲು ನಾನು ಮುಟ್ಟಿದ್ದೆ ಎಂದು ಹೇಳಬೇಕಾಗುತ್ತಿತ್ತು, ಮುಟ್ಟಿಲ್ಲ ಎಂದು ಹೇಳಿ ನಾಲ್ಕು ಗಂಟೆಯೂ ಆಗಿರಲಿಲ್ಲ. ಬಾಯಿ ತೆರೆದೆ. ಮುಚ್ಚಿದೆ. ಕಿಟಕಿಯಾಚೆ ಬಿಳಿ ಕಂಬಗಳು ಹೋಗುತ್ತಿದ್ದವು. ಹನ್ನೊಂದು ಕಂಬ. ಆಮೇಲೆ ಒಂದು ದಿನ ನಡೆದುಕೊಂಡು ಹೋಗಿ ಆ ಕಂಬಗಳ ನಡುವಿನ ದೂರ ಅಳೆದು ಬಂದೆ. ನಾನು ಸುಮ್ಮನಿದ್ದ ಕಾಲ ಹತ್ತು ಸೆಕೆಂಡಿಗೆ ಸ್ವಲ್ಪ ಕಡಿಮೆ.

ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದು ಬಂತು. ನೀನು, “ಏನದು?” ಎಂದೆ, ಕಾಲು ತೆಗೆದೆ. ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಬಿಳಿ ಹೊಗೆ, ಚಕ್ರದ ಕೆಳಗೆ ಎಣ್ಣೆ, ಕಾರು ತನ್ನಷ್ಟಕ್ಕೆ ತಿರುಗತೊಡಗಿತು. ಇಳಿಜಾರು ಒಮ್ಮೆ ನನ್ನ ಕಿಟಕಿಯಲ್ಲಿ ಬಂತು, ಒಮ್ಮೆ ಮುಂದಿನ ಗಾಜಿನಲ್ಲಿ ಬಂತು. ನೀನು ಬ್ರೇಕ್ ಒತ್ತಲಿಲ್ಲ. ಸ್ಟಿಯರಿಂಗನ್ನು ಒಂದೇ ಕೈಯಲ್ಲಿ ಎದುರು ದಿಕ್ಕಿಗೆ ಬಿಟ್ಟುಕೊಟ್ಟು, ಮತ್ತೆ ಹಿಡಿದು, ಕಾರಿನ ಹಿಂಬದಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ಇನ್ನೊಂದು ಕೈ ನನ್ನ ಎದೆಗೆ ಅಡ್ಡವಾಗಿತ್ತು. ಚಿಕ್ಕವಳಿದ್ದಾಗ ಬಸ್ಸು ಬ್ರೇಕ್ ಹಾಕಿದರೆ ನಾನು ನಿನಗೆ ಹಾಗೆ ಕೈ ಅಡ್ಡ ಹಿಡಿಯುತ್ತಿದ್ದೆ.

“ಏನಾದ್ರೂ ಆಯ್ತಾ ಅಪ್ಪ?” ಎಂದು ಕೇಳಿದೆ ನೀನು. ಇಲ್ಲ ಎಂದೆ ನಾನು. ನಿನ್ನ ಕೈ ಇನ್ನೂ ಅಲ್ಲೇ ಇತ್ತು. “ಸಾರಿ ಅಪ್ಪ. ನಾನು ಸ್ಕ್ರೂ ಮುಟ್ಟಬಾರದಿತ್ತು.”

ನಾನು ಹೇಳಿದೆ, “ಪರವಾಗಿಲ್ಲ ಬಿಡು.”

ಮಗಳೇ, ಗೇಜನ್ನು ಮುಟ್ಟಿದ್ದನ್ನು, ಸುಳ್ಳು ಹೇಳಿದ್ದನ್ನು, ಹನ್ನೊಂದು ಕಂಬದ ಮೌನವನ್ನು ಹೇಗಾದರೂ ವಿವರಿಸಬಹುದು. ಹೆದರಿಕೆ ಎನ್ನಬಹುದು, ಮೂರ್ಖತನ ಎನ್ನಬಹುದು. ಆ ‘ಪರವಾಗಿಲ್ಲ ಬಿಡು’ವನ್ನು ವಿವರಿಸಲು ನನ್ನಿಂದ ಆಗುವುದಿಲ್ಲ. ನನ್ನ ತಪ್ಪಿಗೆ ನಾನು ನಿನ್ನನ್ನು ಕ್ಷಮಿಸಿದೆ. ನೀನು ಅದನ್ನು ತೆಗೆದುಕೊಂಡೆ, ನನಗೆ ಕೃತಜ್ಞಳಾಗಿಯೂ ಇದ್ದೆ.

ಮೇಸ್ತ್ರಿ ಎಂಜಿನ್ ಬಿಚ್ಚಿದ ದಿನ ನಾನೂ ಇದ್ದೆ. ಮೂರನೆಯ ಪಿಸ್ಟನ್ನಿನ ಮೇಲೆ ಸಿಗರೇಟಿನಿಂದ ಸುಟ್ಟಂಥ ತೂತು. ಸ್ಕ್ರೂ ತಿರುಗಿಸಿದ್ದು ಯಾರು ಎಂದು ಅವರು ಕೇಳಿದರು. ನಾನೇ ಎಂದೆ ನೀನು, ನಾನು ಬಾಯಿ ತೆರೆಯುವ ಮುಂಚೆಯೇ. ತೆರೆಯುತ್ತಿದ್ದೆನೇ ಎಂದು ನನ್ನನ್ನು ಕೇಳಬೇಡ. ಆಮೇಲೆ ಮೂರು ದಿನ ನೀನು ಊಟದ ಮೇಜಿನ ಮೇಲೆ ನೋಟ್‌ಬುಕ್ ಹರಡಿಕೊಂಡು ತಪ್ಪು ಎಲ್ಲಿದೆ ಎಂದು ಹುಡುಕಿದೆ. ಅದರಲ್ಲಿ ತಪ್ಪೇ ಇರಲಿಲ್ಲ, ಎಲ್ಲಿಂದ ಸಿಗಬೇಕು? ನಾಲ್ಕನೆಯ ದಿನ ನೋಟ್‌ಬುಕ್ ಮುಚ್ಚಿ, “ನನ್ನ ಕೈ ಈ ಕೆಲಸಕ್ಕೆ ಅಲ್ಲ ಅಪ್ಪ. ಇವತ್ತು ನಮ್ಮ ಕಾರು, ನಾಳೆ ಬೇರೆಯವರ ಜೀವ” ಎಂದೆ. ಮುಂದಿನ ವಾರ ಚಿಕ್ಕಮ್ಮನ ಊರಿಗೆ ಬಸ್ಸು ಹತ್ತಿದೆ. ನಿನ್ನ ಚೀಲವನ್ನು ಮೇಲಿಟ್ಟವನು ನಾನು.

ನಿನ್ನೆ ಮೇಸ್ತ್ರಿ ಹೋದ ಮೇಲೆ ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಬೇಳೆ ಆರಿಸುತ್ತಿದ್ದಳು. ಪೂರ್ತಿ ಕೇಳಿ, ತಟ್ಟೆಯನ್ನು ಪಕ್ಕಕ್ಕಿಟ್ಟು, “ಇದನ್ನ ನನಗ್ಯಾಕೆ ಹೇಳ್ತಿದೀರಿ? ನಾನೇನು ಬಸ್ಸು ಹತ್ತಿ ಹೋದೋಳಾ?” ಎಂದಳು. ಬೆಳಿಗ್ಗೆ ಡಬ್ಬಿಗೆ ಊಟ ಹಾಕಿಟ್ಟಿದ್ದಳು. ಅದರ ಮೇಲೆ ಒಂದು ಖಾಲಿ ಲಕೋಟೆ, ಅದರ ಮೇಲೆ ಚಿಕ್ಕಮ್ಮನ ಮನೆಯ ವಿಳಾಸ, ಅವಳ ಕೈಬರಹದಲ್ಲಿ.

ಈ ಪತ್ರದ ಜೊತೆ ಆ ಕಾರ್ಡು ಇದೆ. ತಾರೀಖು ನೋಡು, ಮೊದಲ ಸಾಲು ನೋಡು, ಕೆಳಗೆ ನನ್ನ ಸಹಿ ನೋಡು. ಇದನ್ನು ಗೇಜಿನ ಜೊತೆ ಅವತ್ತೇ ಒಡತಿಗೆ ಕೊಡಬೇಕಿತ್ತು. ನಿನ್ನ ನೋಟ್‌ಬುಕ್ಕನ್ನು ಪಕ್ಕಕ್ಕಿಟ್ಟುಕೊಂಡು ಲೆಕ್ಕ ಮಾಡು. ನಿನ್ನ ಮುಂದಿದ್ದ ಅಂಕಿಗಳಿಂದ ಯಾವ ಒಳ್ಳೆಯ ಕೈಯಾದರೂ ಅದೇ ಅರ್ಧ ಸುತ್ತು ತಿರುಗಿಸುತ್ತಿತ್ತು. ನಾನು ಗೇಜು ಮುಟ್ಟದೆ ಇದ್ದಿದ್ದರೆ ತಿರುಗಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಎಣ್ಣೆಯ ಮೇಲೆ ಜಾರುವ ಕಾರನ್ನು ಇಳಿಜಾರಿನಿಂದ ಗೋಡೆಯ ಕಡೆಗೆ ತಂದದ್ದೂ ಅದೇ ಕೈ ಎಂಬುದನ್ನು ಲೆಕ್ಕಕ್ಕೆ ಸೇರಿಸಿಕೋ.

ಕಾರ್ಡನ್ನು ಮೇಸ್ತ್ರಿಗೆ ತೋರಿಸಬಹುದು, ಹರಿದು ಎಸೆಯಬಹುದು. ಅವರಿಗೆ ನಾನಿನ್ನೂ ಹೇಳಿಲ್ಲ. ಹೆದರಿ ಅಲ್ಲ. ಮೊದಲು ನೀನು ತಿಳಿಯಬೇಕಾದದ್ದು ಇದು. ಹೇಳು ಎಂದರೆ ಗ್ಯಾರೇಜಿಗೆ ಹೋಗಿ, ಎಲ್ಲರೂ ಇರುವ ಹೊತ್ತು ನೋಡಿ ಹೇಳುತ್ತೇನೆ. ನಿನಗೆ ಆ ಫೋನಿನ ಕೆಲಸವೇ ಇಷ್ಟ ಎಂದರೆ ಅದೂ ಸರಿ. ಇಷ್ಟವಿದ್ದು ಹೋಗು. ನನ್ನ ಸುಳ್ಳನ್ನು ನಂಬಿ ಹೋಗಬೇಡ.

ಅಳಿಯ ಶೆಡ್ಡಿನಲ್ಲಿದ್ದಾನೆ. ಎಂಜಿನ್ ಇಲ್ಲದೆ ಮುಂಭಾಗ ಸ್ವಲ್ಪ ಮೇಲಕ್ಕೆದ್ದಿದೆ. ನಾಲ್ಕೂ ಟೈರಿಗೆ ಒಂದೇ ಅಳತೆಯ ಗಾಳಿ ಇದೆಯೇ ಎಂದು ನೋಡಬೇಕು ಅನ್ನಿಸುತ್ತದೆ, ನೋಡಿಲ್ಲ. ಗೇಜು ಅದರ ಜಾಗದಲ್ಲೇ ಇದೆ. ಅದು ಈಗ ಅಪ್ಪಟ ನಿಜ ಹೇಳುತ್ತದೆ, ಕೆಂಪು ಗೆರೆ ಮಾತ್ರ ಹಳೆಯ ಸುಳ್ಳಿನ ಜಾಗದಲ್ಲಿದೆ. ಗೇಜನ್ನು ಮೊದಲಿನಂತೆಯೇ ತಪ್ಪು ತೋರಿಸುವ ಹಾಗೆ ಮಾಡಿಕೊಡಬಲ್ಲೆ, ಇಲ್ಲವೇ ಗೆರೆಯನ್ನು ಒರೆಸಿ 1.0ರ ಮೇಲೆ ಎಳೆಯಬಲ್ಲೆ. ಎರಡೂ ಐದು ನಿಮಿಷದ ಕೆಲಸ. ಎರಡನ್ನೂ ಮಾಡಿಲ್ಲ. ಬಾನೆಟ್ಟಿನ ಮೇಲಿನ ಟೇಪಿನ ಒಂದು ತುದಿ ಎದ್ದಿದೆ. ಅದನ್ನು ಒತ್ತಿ ಅಂಟಿಸಲೂ ಇಲ್ಲ.

ನಿನ್ನನ್ನು ಕೇಳುತ್ತಿದ್ದೇನೆ. ಏನು ಮಾಡಲಿ ಹೇಳು. ಹೇಳುವ ತನಕ ಮುಟ್ಟುವುದಿಲ್ಲ.

ಬೆಂಚಿನ ಮೇಲಿನ ಗೇಜು ತಣ್ಣಗಾಗಿದೆ. ಎದ್ದು ಅದರ ಮೊದಲ ಸಾಲು ಬರೆಯಬೇಕು. ನೀನು ಯಾವ ಕೆಲಸಕ್ಕೆ ಕೈ ಹಾಕಿದರೂ ಆ ಕೈ ನಡುಗದಿರಲಿ.

ನಿನ್ನ ಅಪ್ಪ,
ಮಿಲಿಮೀಟರ್